ನೊರೆ ಬಾರದ ಸೋಪು

ಸೂಪು ಮಾಡುವುದು ಯಾರಿಗಾದರೂ ಬರುತ್ತದೆ. ಅದನ್ನು ಶಾಸ್ತ್ರೋಕ್ತವಾಗಿ ಹೆಪ್ಪುಗಟ್ಟಿಸಿ, ಒಂದೇ ಒಂದು ಕ್ರಿಮಿಯೂ ಒಳಗೆ ಇಣುಕದಂತೆ ಕಾಯುವುದಿದೆಯಲ್ಲ, ಅದಕ್ಕೆ ಎಂಟೆದೆ ಬೇಕು. ಆ ಎಂಟೂ ಎದೆಗಳು ನನಗಿವೆ ಎಂದು ಒಂದು ಭಾನುವಾರ ಬೆಳಿಗ್ಗೆ ಗಂಡನ ಮುಂದೆ ಘೋಷಿಸಿದೆ.

ಕಾರಣವಿತ್ತು. ಹೆರಿಗೆ ರಜೆ ಮುಗಿದು ಮರುದಿನ ನಾನು ಆಫೀಸಿಗೆ ಹೋಗಬೇಕು. ಪಾಪುವನ್ನು ನೋಡಿಕೊಳ್ಳಲು ಅವರು ರಜೆ ಹಾಕಿದ್ದರು. ಪಾಪುವೋ, ಚಮಚ ಕಂಡರೆ ತುಟಿಗೆ ಬೀಗ ಜಡಿದು ಕೀಲಿಕೈ ನುಂಗುವ ಆಸಾಮಿ. ನಾನಿಲ್ಲದಾಗ ದಿನವಿಡೀ ಹಸಿದುಕೊಂಡೇ ಇದ್ದುಬಿಟ್ಟರೆ? ಈ ಚಿಂತೆಯಲ್ಲಿ ಫೋನಿನಲ್ಲಿ ಸಿಕ್ಕಿದ್ದೆಲ್ಲ ಓದಿದ್ದೆ. ಬಿಸಿ ಸೂಪನ್ನು ಫ್ರೀಜರಿನಲ್ಲಿ ಇಡಬಾರದು. ಹಾಗಂತ ಹೊರಗೂ ಬಹಳ ಹೊತ್ತು ಬಿಡಬಾರದು. ಅಗಲವಾದ ಪಾತ್ರೆಗೆ ಸುರಿದು ಬೇಗ ಆರಿಸಬೇಕು. ಡಬ್ಬಿಯನ್ನು ಕಂಠಪೂರ್ತಿ ತುಂಬಬಾರದು, ಹೆಪ್ಪುಗಟ್ಟುವಾಗ ಸೂಪು ಉಬ್ಬುತ್ತದೆ.

"ಉಬ್ಬೋದು ಸೂಪೊಂದೇ ಅಲ್ಲ ಬಿಡು," ಎಂದು ನನ್ನ ಮುಖ ನೋಡಿ ಅವರು ಪಾಪುವನ್ನೆತ್ತಿಕೊಂಡು ತಿರುಗಾಡಲು ಹೋದರು.

ಕುಂಬಳಕಾಯಿ, ಕ್ಯಾರೆಟ್ ಬೇಯಿಸಿ, ರುಬ್ಬಿ, ಒಂದು ಸೈನ್ಯಕ್ಕಾಗುವಷ್ಟು ಸೂಪು ಮಾಡಿದೆ. ಇನ್ನು ಅಗಲವಾದ ಪಾತ್ರೆ? ಅಕ್ಕ ಉಡುಗೊರೆ ಕೊಟ್ಟು, ಇನ್ನೂ ಕವರಿನಿಂದಲೇ ಹೊರಬಾರದ ಪಾಪುವಿನ ಸ್ನಾನದ ಟಬ್ಬು ಕಣ್ಣಿಗೆ ಬಿತ್ತು. ಕುದಿಯುವ ನೀರಲ್ಲಿ ಮತ್ತೆ ಮತ್ತೆ ತೊಳೆದು, ಸೂಪು ಸುರಿದು, ನಡುಮನೆಯ ಫ್ಯಾನಿನ ಕೆಳಗಿಟ್ಟೆ. ಆಮೇಲೆ ನೋಡಿದರೆ ಮನೆಯಲ್ಲಿರುವ ಡಬ್ಬಿಗಳಿಗೆ ಮುಚ್ಚಳವಿಲ್ಲ, ಮುಚ್ಚಳಗಳಿಗೆ ಡಬ್ಬಿಯಿಲ್ಲ. ಮೂಲೆಯ ಅಂಗಡಿಗೆ ಓಡಿದೆ. ಅಲ್ಲಿಂದಲೇ ಫೋನು.

"ರೀ, ಮನೆಗೆ ಬಂದ್ರಾ? ಟಬ್ಬಲ್ಲಿ ಸೂಪಿದೆ, ಬಿಸಿ ಆರಿದೆಯಾ ನೋಡಿ."

"ಟಬ್ಬಲ್ಲಿ ಸೋಪಾ?" ಅಂಗಡಿಯ ಗದ್ದಲದಲ್ಲಿ ನನಗದು ಸೂಪೆಂದೇ ಕೇಳಿಸಿತು. "ಹೂಂ, ಉಗುರುಬೆಚ್ಚಗಿದೆ," ಎಂದರು.

"ಸದ್ಯ. ಹಾಗಾದ್ರೆ ಪಾಪುಗೆ ಸ್ವಲ್ಪ ಹಾಕಿ ನೋಡಿ."

"ಅಳ್ತಾನೆ ಕಣೆ."

"ಅತ್ರೆ ಅಳ್ಲಿ ಬಿಡಿ. ಅಭ್ಯಾಸ ಆಗ್ಬೇಕಲ್ಲ."

ಮದುವೆಯಾದಾಗಿನಿಂದ ನಮ್ಮಿಬ್ಬರ ನಡುವೆ ಇಷ್ಟು ಒಮ್ಮತ ಮೂಡಿದ್ದು ಅದೇ ಮೊದಲು.

ಮನೆಗೆ ಬಂದು ನೋಡುತ್ತೇನೆ, ನನ್ನ ಸೂಪಿನ ಸರೋವರದಲ್ಲಿ ಸೊಂಟದವರೆಗೆ ಮುಳುಗಿ ಪಾಪು ವಿರಾಜಮಾನನಾಗಿದ್ದಾನೆ. ತಲೆಗೆ ಕುಂಬಳಕಾಯಿಯ ಕಿರೀಟ. ಅಂಗಿಯ ತೋಳು ಮಡಿಚಿದ ಗಂಡ ಅವನ ಬೆನ್ನು ತಿಕ್ಕುತ್ತಿದ್ದಾರೆ.

"ಯಾವ ಕಂಪನಿ ಸೋಪು ಕಣೆ ಇದು? ಎಷ್ಟು ಉಜ್ಜಿದ್ರೂ ನೊರೆನೇ ಬರ್ತಿಲ್ಲ."

"ರೀ, ಅದು ಸೂಪು!"

"ಕ್ಯಾರೆಟ್ ವಾಸನೆಯೇನೋ ಬಂತು. ಈಗೆಲ್ಲ ಸೋಪಿಗೂ ತರಕಾರಿ ಹಾಕ್ತಾರಲ್ಲ, ದುಬಾರಿ ಮಾಲು ಅಂದ್ಕೊಂಡೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರೂ ಮುಟ್ಟಿಕೊಂಡರು. ಇವರ ಹೆಗಲ ಮೇಲೆ ನಿಜವಾಗಿಯೂ ಕುಂಬಳಕಾಯಿಯಿತ್ತು.

ಇನ್ನೂ ನಾಲ್ಕು ಮಾತು ಅನ್ನೋಣವೆಂದು ಬಾಯಿ ತೆರೆದವಳು ಹಾಗೇ ನಿಂತೆ. ಪಾಪು ತನ್ನ ಮುಷ್ಟಿಯನ್ನು ಚಪ್ಪರಿಸುತ್ತಿದ್ದ. ಚಪ್ ಚಪ್ ಎಂದು, ಕಣ್ಣು ಮುಚ್ಚಿ, ಸಂಗೀತ ಕೇಳುವವನಂತೆ. ಚಮಚಕ್ಕೆ ಸೋಲದವನು ಟಬ್ಬಿಗೆ ಸೋತಿದ್ದ.

ಆದರೇನು, ಸ್ನಾನವಾದ ಸೂಪನ್ನು ಫ್ರೀಜರಿನಲ್ಲಿಡಲು ಯಾವ ಶಾಸ್ತ್ರವೂ ಒಪ್ಪದು. ಅಷ್ಟನ್ನೂ ಚೆಲ್ಲಿ ಮತ್ತೆ ಒಲೆ ಹಚ್ಚಿದೆ. ಈ ಸಲ ಪಾತ್ರೆಯನ್ನೇ ತಣ್ಣೀರಿನಲ್ಲಿಟ್ಟು ಆರಿಸಿದೆ. ಪ್ರತಿ ಡಬ್ಬಿಯಲ್ಲೂ ಒಂದು ಬೆರಳಿನಷ್ಟು ಜಾಗ ಬಿಟ್ಟೆ. ಮುಚ್ಚಳ ಬಿಗಿದು ಚೀಟಿ ಅಂಟಿಸಿದೆ. ಚೀಟಿ ಬರೆಯುವಷ್ಟು ಹೊತ್ತೂ ಅವರಿಗೆ ಪಾಠ ನಡೆದೇ ಇತ್ತು: "ಸೋಪಲ್ಲ, ಸೂಪು. ಏನು? ಸೋಪಲ್ಲ, ಸೂಪು."

ಮರುದಿನ ಆಫೀಸಿನಲ್ಲಿ ಕೂತರೂ ಜೀವ ಫೋನಿನಲ್ಲಿತ್ತು. ಮಧ್ಯಾಹ್ನ ಅದು ಬಡಿದುಕೊಂಡಿತು.

"ಫ್ರೀಜರಲ್ಲಿ ಸೋಪು ಯಾಕಿಟ್ಟಿದ್ದೀಯ?"

"ಅಯ್ಯೋ, ಸೋಪಲ್ಲ ರೀ, ಸೂಪು. ಮೊದ್ಲು ಹೋಗಿ ಕಿವಿ ತೋರಿಸ್ಕೊಂಡು ಬನ್ನಿ."

"ಕಿವಿಗೇನೂ ಆಗಿಲ್ಲ. ಕಣ್ಣಲ್ಲಿ ನೋಡಿ ಹೇಳ್ತಿದ್ದೀನಿ. ಅಷ್ಟೂ ಡಬ್ಬಿ ಮೇಲೆ ನಿನ್ನ ಮುದ್ದಾದ ಅಕ್ಷರದಲ್ಲಿ 'ಪಾಪು ಸೋಪು' ಅಂತಲೇ ಇದೆ."

ಸಹೋದ್ಯೋಗಿಗಳು ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ನಾನು ಮೆಲ್ಲಗೆ ಹೆಗಲು ಮುಟ್ಟಿಕೊಂಡೆ.

"ಅದಿರ್ಲಿ... ಪಾಪು ಏನಾದ್ರೂ ತಿಂದ್ನಾ?"

"ಚಮಚ ಕಂಡು ಬಾಯಿ ಮುಚ್ಚಿದ. ನಾನು ಚೀಟಿ ಓದ್ದೆ. ಹೆಂಡ್ತಿ ಬರೆದದ್ದು ಸುಳ್ಳಾಗಬಾರ್ದು ಅಂತ, ಅವನನ್ನ ಖಾಲಿ ಟಬ್ಬಲ್ಲಿ ಕೂರಿಸಿ, ಡಬ್ಬಿಯಲ್ಲಿದ್ದದ್ದನ್ನ ಬಿಸಿ ಮಾಡಿ ಆರಿಸಿ ಕೊಟ್ಟೆ. ಎರಡು ಬಟ್ಟಲು ಸೋಪು ಕುಡಿದು ಮಲಗಿದ್ದಾನೆ ಕಣೆ."