ಲಂಕೆಗೆ ಹೋದ ನಮ್ಮೂರ ಹೆಣ್ಣು

ನಾನು ಸೀಮೆಸುಣ್ಣ ಹಿಡಿದರೆ ನಮ್ಮ ಚಳ್ಳಕೆರೆಯ ಎಣ್ಣೆ ಮಿಲ್ಲುಗಳೂ ಸದ್ದು ನಿಲ್ಲಿಸಿ ಪಾಠ ಕೇಳುತ್ತವೆ. ಆಗ ಕರೆಂಟು ಹೋಗಿರುತ್ತದೆ, ಅದು ಬೇರೆ ವಿಷಯ. ಇಂಥ ಪಂಡಿತನನ್ನೂ ಮೊಳಕಾಲ್ಮೂರು ಕಡೆಯವರು ಆಗಾಗ ನೆಲಕ್ಕೆ ಕೆಡವುತ್ತಲೇ ಇರುತ್ತಾರೆ.

೧. ಹಳೇ ಜಗಳ

ಮೊಳಕಾಲ್ಮೂರು ಕಡೆಯ ಜಟಿಂಗ ರಾಮೇಶ್ವರ ಬೆಟ್ಟದ ಬುಡದ ಶಾಲೆ. ಮಕ್ಕಳಿಗೆ ಶ್ರೀಲಂಕಾದ ಇತಿಹಾಸ ಶುರು ಮಾಡಿದೆ. ಹೆಡ್ ಮೇಷ್ಟ್ರು ಮೊದಲೇ ಎಚ್ಚರಿಸಿದ್ದರು: "ಇನ್ಸ್‌ಪೆಕ್ಟರ್ ಸಾಹೇಬ್ರು ಪಾಠ ನೋಡೋಕೆ ಬರ್ತಾರೆ. ಮಕ್ಕಳು ಬಾಯಿ ಬಿಡಲಿಲ್ಲ ಅಂದ್ರೆ ನಿಮ್ಮ ಪಿರಿಯಡ್ ಗಣಿತಕ್ಕೆ ಹೋಗುತ್ತೆ."

ಮುಂದಿನ ಸಾಲಿನ ಹುಡುಗಿ ಪುಸ್ತಕ ಮುಚ್ಚಿಟ್ಟಳು.

"ಯಾಕಮ್ಮ?"

"ರಾವಣ ಜಟಾಯು ರೆಕ್ಕೆ ಕಡಿದಿದ್ದು ನಮ್ಮ ಬೆಟ್ಟದಾಗೇ ಸಾರ್. ಆ ಲಂಕೆಯೋರ ಪಾಠ ಓದಬ್ಯಾಡ ಅಂತಾಳೆ ನಮ್ಮಜ್ಜಿ."

ಇಡೀ ಕ್ಲಾಸು ಪುಸ್ತಕ ಮುಚ್ಚಿತು. ಒಬ್ಬ ಮಾತ್ರ ಮುಚ್ಚಲಿಲ್ಲ. ಅವನು ಪುಸ್ತಕ ತಂದೇ ಇರಲಿಲ್ಲ.

೨. ಸಂಧಾನ

ಮಾರನೇ ದಿನ ಅಜ್ಜಿಯೇ ಬಂದರು. "ಪಕ್ಷಿ ಕಡಿದೋರ ತಾತ ಮುತ್ತಾತನ ಹೆಸರು ನನ್ನ ಮೊಮ್ಮಗಳು ಯಾಕೆ ಬಾಯಿಪಾಠ ಮಾಡ್ಬೇಕು ಮೇಷ್ಟ್ರೇ?"

ನಾನು ಬ್ರಹ್ಮಾಸ್ತ್ರ ತೆಗೆದೆ. ಈ ಬೆಟ್ಟದ ಬಂಡೆಯ ಮೇಲೆ ಅಕ್ಷರ ಕೆತ್ತಿಸಿದ ಅಶೋಕ ಮಹಾರಾಜನೇ ತನ್ನ ಮಗಳನ್ನು ಲಂಕೆಗೆ ಕಳಿಸಿದ್ದು. ಆಕೆ ಸನ್ಯಾಸಿನಿ, ಬೋಧಿವೃಕ್ಷದ ಕೊಂಬೆ ಒಯ್ದಳು. ಆ ಮರ ಅಲ್ಲಿ ಇವತ್ತಿಗೂ ಚಿಗುರುತ್ತೈತಂತೆ ಅಂದೆ.

ಅಜ್ಜಿ ಕಂಬಕ್ಕೆ ಒರಗಿ ಬೆಟ್ಟವನ್ನೇ ನೋಡುತ್ತ ನಿಂತರು. ಇಷ್ಟು ವರ್ಷ ಹೇಳಿದ ಪಾಠ ಅವತ್ತು ನನ್ನ ಕಿವಿಗೂ ಬಿತ್ತು.

"ನಮ್ಮ ಬಂಡೆ ರಾಜನ ಮಗಳಾ? ಗಿಡಾನೇ ಮಡಿಲಿಗೆ ತುಂಬಿ ಕಳಿಸಿದ್ನಾ? ಹಂಗಾದ್ರೆ ನಮ್ಮೂರ ಹೆಣ್ಣು. ಜಗಳ ತೀರ್ತು, ಓದ್ಲಿ ಬಿಡ್ರಿ."

ಎರಡು ದೇಶಗಳ ಯುಗಯುಗದ ವೈರವನ್ನು ನಾನೊಬ್ಬನೇ ಬಗೆಹರಿಸಿದೆ. ಒಂದು ಪೇಪರಿನಲ್ಲೂ ಬರಲಿಲ್ಲ.

೩. ತವರು

ಸಾಹೇಬರು ಬಂದ ದಿನ ಪಾಠವನ್ನು ಬೆಟ್ಟದ ಮೇಲೆ, ಆ ಬಂಡೆಯ ಮುಂದೆಯೇ ಇಟ್ಟುಕೊಂಡೆ. ಹೆಡ್ ಮೇಷ್ಟ್ರೂ ಅಜ್ಜಿಯೂ ಹತ್ತಿ ಬಂದಿದ್ದರು.

"ಲಂಕೆಗೂ ನಮಗೂ ಏನು ಸಂಬಂಧ?" ಸಾಹೇಬರು ಕೇಳಿದರು.

ಹುಡುಗಿ ಎದ್ದಳು. "ಮೊದ್ಲು ಜಗಳ ಇತ್ತು ಸಾರ್. ಆಮ್ಯಾಲೆ ನಮ್ಮ ಹುಡುಗಿ ಗಿಡ ತಗಂಡು ಹೋದ್ಳು. ಆ ಮರ ಇನ್ನೂ ಐತೆ."

ಸಾಹೇಬರು ಕನ್ನಡಕ ಒರೆಸಿಕೊಂಡು ಬಂಡೆಯ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ಪಿರಿಯಡ್ ಉಳಿಯಿತು ಅಂದುಕೊಂಡೆ. ಅಷ್ಟರಲ್ಲಿ ಅಜ್ಜಿ ಮುಂದೆ ಬಂದರು.

"ನೀವು ಸರ್ಕಾರದೋರಲ್ವಾ? ಹೆಣ್ಣುಮಗಳನ್ನ ಸಮುದ್ರ ದಾಟಿಸಿ ಕಳಿಸಿದ್ರಿ, ಸರಿ. ಒಂದು ಪಂಚಮಿಗಾದ್ರೂ ತವರಿಗೆ ಕರೆಸಿದ್ರಾ?"

ಸಾಹೇಬರು ನನ್ನನ್ನು ನೋಡಿದರು. ನಾನು ಹೆಡ್ ಮೇಷ್ಟ್ರನ್ನು ನೋಡಿದೆ.

"ಮೇಲಿನೋರಿಗೆ ಬರೀತೀನಮ್ಮ" ಅಂದವರೇ ಸಾಹೇಬರು ಬೆಟ್ಟ ಇಳಿಯತೊಡಗಿದರು. ಸ್ವಲ್ಪ ಇಳಿದು, ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು: "ಇತಿಹಾಸದ ಪಿರಿಯಡ್ ನಿಮಗೇ ಇರಲಿ ಮೇಷ್ಟ್ರೇ. ಇನ್ನೊಂದು ಸಲ ನಾನು ಬಂದಾಗ ಮಾತ್ರ ಗಣಿತ ತೋರಿಸಿ."