ಹಸು ಕಟ್ಟುವ ಜಾಗದಲ್ಲಿ ಟರ್ಬೈನ್

ಕಮ್ಮಾರರು ಕುಲುಮೆಗೆ ಗಾಳಿ ಊದುವ ಆ ಚರ್ಮದ ಚೀಲಕ್ಕೆ ಏನಂತಾರೆ? ತಿದ್ದಿ... ತೀಡಿ... ಗದಗದ ಕಡೆ ನಮ್ಮೂರಲ್ಲಿ ದಿನಾ ಕೇಳುತ್ತಿದ್ದ ಮಾತು, ಪಾಂಡವಪುರದ ಸೊಸೆಯಾಗಿ ಇಷ್ಟು ಕಾಲವಾದ ಮೇಲೆ ನಾಲಗೆ ತುದಿಗೆ ಬಂದು ಕೂತಿದೆ, ಇಳಿಯುತ್ತಿಲ್ಲ. ತಿದಿ! ಹಾಂ, ಬಂತು. ನನ್ನ ಬದುಕಿನಲ್ಲಿ ಯಾವಾಗಲೂ ಹೀಗೇ. ಬೇಕಾದದ್ದು ಬೇಕಾದಾಗ ಸಿಗುವುದಿಲ್ಲ, ಬೇಡದ್ದು ಲಗೇಜ್ ಆಟೋ ಹತ್ತಿ ಮನೆಗೇ ಬರುತ್ತದೆ.

ಬೇಡದ್ದು ಅಂದರೆ ಗ್ಯಾಸ್ ಟರ್ಬೈನ್ ಎಂಜಿನ್. ಒಂದು ಕಾಲದಲ್ಲಿ ವಿಮಾನಗಳನ್ನು ಸ್ಟಾರ್ಟ್ ಮಾಡಲು ನೆಲದ ಮೇಲೆ ಒಂದು ಗಾಡಿ ಇರುತ್ತಿತ್ತಂತೆ, ಅದರೊಳಗಿನ ಚಿಕ್ಕ ಎಂಜಿನ್ ಇದು. ಒಂದು ಕಡೆ ತಿದಿ, ನಡುವೆ ಒಲೆ, ಇನ್ನೊಂದು ಕಡೆ ಗಿರಗಿಟ್ಲೆ, ಅಷ್ಟೇ. ನಾನು ಕೃಷ್ಣರಾಜಪೇಟೆಯಲ್ಲಿ ಐಟಿಐ ಮಕ್ಕಳಿಗೆ ಫಿಟ್ಟರ್ ಕೆಲಸ ಕಲಿಸಿ ನಿವೃತ್ತಳಾದವಳು. ಸುಮ್ಮನೆ ಕೂತರೆ ಕೈ ತುರಿಸುತ್ತದೆ. ಅದನ್ನು ರಿಪೇರಿ ಮಾಡಲು ಹಸುವಿನ ಕೊಟ್ಟಿಗೆಯನ್ನೇ ಹಿಡಿದುಕೊಂಡೆ. ಹಸುವನ್ನು ಹುಣಸೆಮರದಡಿ ಕಟ್ಟಿ ಬಂದ ಯಜಮಾನರು ಒಂದೇ ಮಾತು ಹೇಳಿದರು:

"ಮಳೆ ಹಿಡಿಯೋದ್ರೊಳಗೆ ಇದು ಚಾಲೂ ಆಗ್ಲಿಲ್ಲ ಅಂದ್ರೆ ಎಲ್ಲಿಂದ ಬಂತೋ ಅಲ್ಲಿಗೇ ಹೋಗ್ಬೇಕು ಕಣಮ್ಮಿ. ನನ್ ಹಸ ನೆನೆಯಾಕಿಲ್ಲ."

ಅಂದಿನಿಂದ ದಿನಾ ಎದ್ದು ಮೊದಲು ಆಕಾಶ ನೋಡುವುದೇ ನನ್ನ ಕೆಲಸವಾಯಿತು.

ಬಿಳಿ ಪಂಚೆ

ಎಂಜಿನ್ ಸಿಕ್ಕಿದ್ದು ಶ್ರೀರಂಗಪಟ್ಟಣದ ಗುಜರಿ ಅಂಗಡಿಯಲ್ಲಿ. "ಒಳಗೆ ಧೂಳ್ ಹೋದ್ರೆ ಖತಂ ಅಮ್ಮಾ, ಹುಷಾರು" ಎಂದರು ಅಂಗಡಿಯ ಭಾಯಿ. ಪಕ್ಕದ ಬಟ್ಟೆ ಅಂಗಡಿಯಲ್ಲಿ ಒಂದು ಬಿಳಿ ಪಂಚೆ ಕೊಂಡು ಎಂಜಿನ್ನಿಗೆ ಸುತ್ತಿ, ಹಗ್ಗದಿಂದ ಬಿಗಿದು, ಆಟೋದ ಹಿಂದೆ ಉದ್ದಕ್ಕೆ ಮಲಗಿಸಿ, ಅಲುಗಾಡದಿರಲೆಂದು ಪಕ್ಕದಲ್ಲೇ ಕೂತೆ. ದಾರಿಯುದ್ದಕ್ಕೂ ಬೈಕಿನವರು ನಿಧಾನ ಮಾಡಿ ಪಕ್ಕಕ್ಕೆ ಸರಿದರು. ಒಬ್ಬರಂತೂ ಕೈ ಮುಗಿದರು. ನಮ್ಮ ಜನ ಯಂತ್ರಕ್ಕೆ ಇಷ್ಟು ಗೌರವ ಕೊಡುತ್ತಾರಲ್ಲ ಎಂದು ಉಬ್ಬಿಹೋದೆ.

ರೈಲ್ವೆ ಗೇಟಿನಲ್ಲಿ ಆಟೋ ನಿಂತಾಗ ಹೂ ಮಾರುವವಳೊಬ್ಬಳು ಹತ್ತಿರ ಬಂದಳು. "ವಯಸ್ಸಾಗಿತ್ತೇನವ್ವಾ?"

"ನನ್ನಷ್ಟೇ ಹಳೇದು ನೋಡಮ್ಮ" ಎಂದೆ, ಸಂತೋಷ ತಡೆಯಲಾರದೆ ನಗುತ್ತಾ.

ಅವಳು ಒಂದು ಮೊಳ ಸೇವಂತಿಗೆ ಪಂಚೆಯ ಮೇಲಿಟ್ಟು, ಪಕ್ಕದವಳ ಕಡೆ ತಿರುಗಿದಳು. "ಗಂಡನ್ನ ಮಲಗಿಸ್ಕೊಂಡು ಹಲ್ ಕಿಸೀತಾ ಕುಂತವ್ಳಲ್ಲ! ಬದುಕಿದ್ದಾಗ ಏಟು ಕಾಟ ಕೊಟ್ಟಿದ್ನೋ ಮಾರಾಯ!"

ಬಿಸಿ ಗಾಳಿ

ನಮ್ಮ ಪಕ್ಕದ ಗದ್ದೆಯಲ್ಲಿ ಆಲೆಮನೆ ಇದೆ. ಅದರ ಮಾಲೀಕರು ಬೆಲ್ಲ ಇಳಿಸಿದ ಮೇಲೆ ನಮ್ಮ ಕೊಟ್ಟಿಗೆಗೆ ಬಂದು ಕೂರುತ್ತಿದ್ದರು. ಒಂದು ದಿನ ಕೇಳಿದರು, "ಅಕ್ಕಾ, ಇದೇನ್ ಮಾಡ್ತದೆ?"

ಪಾಠ ಹೇಳಿ ರೂಢಿಯಾದ ಬಾಯಿ, ಬಿಡುತ್ತದೆಯೇ? ಸೀಮೆಸುಣ್ಣ ತಂದು ಗೋಡೆಯ ಮೇಲೆ ಚಿತ್ರ ಬರೆದೆ. ಇಲ್ಲಿ ಗಾಳಿ ಒಳಗೆ ಬರುತ್ತದೆ, ಇಲ್ಲಿ ಅದು ಒತ್ತಿಕೊಳ್ಳುತ್ತದೆ, ಇಲ್ಲಿ ಎಣ್ಣೆ ಉರಿಯುತ್ತದೆ, ಇಲ್ಲಿ ಚಕ್ರ ತಿರುಗುತ್ತದೆ. ಆಲೆಮನೆಯ ಒಲೆ ಆರುವಷ್ಟು ಹೊತ್ತು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು.

"ಎಲ್ಲಾ ಸರಿ ಅಕ್ಕಾ. ಕೊನೆಗೆ ಆಚೆಗೆ ಏನ್ ಬತ್ತದೆ?"

"ಬಿಸಿ ಗಾಳಿ."

ಅವರು ಟವೆಲ್ ಕೊಡವಿಕೊಂಡು ಎದ್ದರು. "ಅಯ್ಯೋ, ಅದ್ಕೆ ಇಷ್ಟೆಲ್ಲಾ ಯಾಕಕ್ಕಾ? ಯುಗಾದಿ ಕಳೀಲಿ, ಬಿಟ್ಟಿಯಾಗೇ ಬತ್ತದೆ!"

ಟಿಕ್ ಟಿಕ್

ಎಂಜಿನ್ ಜೋಡಿಸಿ ಕೈಯಿಂದ ಚಕ್ರ ತಿರುಗಿಸಿ ನೋಡಿದೆ. ಒಳಗಿಂದ ಟಿಕ್ ಟಿಕ್ ಎಂದು ಸಣ್ಣ ಸದ್ದು. ಬೇರಿಂಗ್ ಹೋಗಿದೆ ಎಂದು ಎಲ್ಲ ಬಿಚ್ಚಿ, ತೊಳೆದು, ನಾಗಮಂಗಲದ ಲೇತ್ ಅಂಗಡಿಯಲ್ಲಿ ಹೊಸ ಬುಷ್ ಮಾಡಿಸಿ ಕೂರಿಸಿದೆ. ತಿರುಗಿಸಿದೆ. ಟಿಕ್ ಟಿಕ್. ಮತ್ತೆ ಬಿಚ್ಚಿ ಜೋಡಿಸಿದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗೊತ್ತಿ, ಚಕ್ರ ತಿರುಗಿಸುತ್ತಾ ಕೇಳಿದೆ. ಈಗಂತೂ ಸದ್ದು ಕಿವಿಯಲ್ಲೇ!

ಬೇಸಿಗೆ ಅರ್ಧ ಇದರಲ್ಲೇ ಮುಗಿಯಿತು. ಒಂದು ಸಂಜೆ ಕಾಫಿ ತಂದ ಯಜಮಾನರು, "ಎಲ್ಲಿ, ನಾನೊಂದ್ ಕೈ ನೋಡ್ತೀನಿ" ಎಂದು ತಿರುಗಿಸಿದರು. ಸದ್ದಿಲ್ಲ. ನಾನು ತಿರುಗಿಸಿದೆ. ಟಿಕ್ ಟಿಕ್. ಅವರು ಮತ್ತೆ ತಿರುಗಿಸಿದರು. ಇಲ್ಲ.

ಅವರು ಎಂಜಿನ್ ನೋಡಿದರು, ನನ್ನ ಕೈ ನೋಡಿದರು.

"ಅಲ್ಲ ಕಣಮ್ಮಿ, ಮೆಷಿನ್ ಮುಟ್ಟೋ ಮುಂಚೆ ಬಳೆ ಬಿಚ್ಚಿ ಅಂತ ಸರ್ವೀಸ್ ಪೂರಾ ಹುಡುಗೀರ್‌ಗೆ ಬಯ್ತಿದ್ದೋಳು ನೀನೇ ಅಲ್ವಾ?"

ಯಾರೂ ಓಡಬಾರದು

ಪಶ್ಚಿಮದಲ್ಲಿ ಕರೀ ಮೋಡ ಕಟ್ಟಿದ ದಿನ ಬೇರೆ ದಾರಿ ಉಳಿಯಲಿಲ್ಲ. ಇವತ್ತು ಚಾಲೂ ಆಗದಿದ್ದರೆ ಎಂಜಿನ್ ಗುಜರಿಗೆ. ಯಜಮಾನರು, ಆಲೆಮನೆಯವರು, ಅಕ್ಕಪಕ್ಕದವರೆಲ್ಲ ಅಂಗಳದಲ್ಲಿ ಸೇರಿದರು. ರಜೆಗೆ ಬಂದಿದ್ದ ಮೊಮ್ಮಗಳನ್ನು ಮನೆಯೊಳಗೆ ಕಿಟಕಿಯ ಹಿಂದೆ ನಿಲ್ಲಿಸಿದೆ. ಡಬ್ಬಿಗೆ ಒಂದಿಷ್ಟೇ ಡೀಸೆಲ್ ಹಾಕಿ, ಕಿವಿಗೆ ಹತ್ತಿ ತುರುಕಿಕೊಂಡು, ಪಾಠ ಶುರು ಮಾಡಿದೆ.

"ಸ್ವಲ್ಪ ಸದ್ದು ಬರ್ತದ. ಹಿಂದಿನ ಕೊಳವೆಯಿಂದ ಬೆಂಕಿನೂ ಬರಬಹುದು. ಯಾರೂ ಓಡಬಾರದು ನೋಡ್ರಿ. ಯಂತ್ರದ ಮುಂದ ಧೈರ್ಯ ಬೇಕು."

ಸ್ವಿಚ್ ಒತ್ತಿದೆ. ಮೊದಲು ಸೊಳ್ಳೆಯ ಹಾಗೆ ಗುಂಯ್‌ಗುಟ್ಟಿತು. ಆಮೇಲೆ ಕುಕ್ಕರಿನ ಹಾಗೆ. ಆಮೇಲೆ ಧಡ್ ಎಂದು ಆಳುದ್ದದ ಬೆಂಕಿ ಹೊರಬಂತು, ಕೊಟ್ಟಿಗೆಯ ಹೆಂಚುಗಳು ಕುಣಿದವು.

ಮುಂದಿನದು ನನಗೆ ನೆನಪಿಲ್ಲ. ಎಚ್ಚರವಾದಾಗ ಕೆರೆ ಏರಿಯ ಮೇಲೆ ಕೂತಿದ್ದೆ, ಕಾಲಲ್ಲಿ ಒಂದೇ ಚಪ್ಪಲಿ. ದೂರದಲ್ಲಿ ನನ್ನ ಎಂಜಿನ್ ಎಲ್ಲೂ ತೊಡರದೆ, ಒಂದೇ ಸಮ ಮೊರೆಯುತ್ತಿತ್ತು. ಎಂಥ ಸಂತೋಷ! ಕಣ್ಣಿಂದ ನೋಡೋಣವೆಂದರೆ ಅಷ್ಟು ದೂರ.

ಸ್ವಲ್ಪ ಹೊತ್ತಿಗೆ ಯಜಮಾನರು ಏದುಸಿರು ಬಿಡುತ್ತಾ ಏರಿ ಹತ್ತಿದರು. ಅವರ ಹಿಂದೆ ಹಸು, ಕಿತ್ತ ಹಗ್ಗ ಎಳೆಯುತ್ತಾ. ಹಸುವಿನ ಹಿಂದೆ ಆಲೆಮನೆಯವರು.

"ಹಸ ಹಿಡಿಯಾಕ್ ಬಂದೆ" ಎಂದರು ಯಜಮಾನರು.

"ಹಸ ನಿನ್ ಹಿಂದ್ಗಡೆ ಇತ್ತು ಕಣಣ್ಣ" ಎಂದರು ಆಲೆಮನೆಯವರು. "ಮುಂದ್ಮುಂದೆ ಓಡಿ ಹಸ ಹಿಡಿಯೋದ್ನ ಇವತ್ತೇ ನೋಡಿದ್ದು!"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಯಜಮಾನರು ನನ್ನ ಕಡೆ ತಿರುಗಿದರು.

"ನಗ್ಬ್ಯಾಡ ಕಣಮ್ಮಿ. ನಾವು ಬರೋವತ್ಗೆ ನೀನು ಕುಂತು ಬೆವರು ಒರೆಸ್ಕೊಂಡಾಗಿತ್ತು."

ಡೀಸೆಲ್ ಮುಗಿದು ಎಂಜಿನ್ ತಾನಾಗಿ ನಿಂತಿತು. ನಾವು ಮನೆ ಸೇರುವ ಹೊತ್ತಿಗೆ ಹನಿ ಬಿದ್ದಿತು. "ಚಾಲೂ ಆಗಿದ್ನ ಕಂಡೋರ್ ಯಾರು?" ಎನ್ನುತ್ತಾ ಯಜಮಾನರು ಹಸುವನ್ನು ಕೊಟ್ಟಿಗೆಗೆ ಎಳೆದರು. ಅದು ಬಾಗಿಲಲ್ಲೇ ಕಾಲೂರಿ ನಿಂತಿತು. ಬೂಸಾ ತೋರಿಸಿದರೂ ಒಳಗೆ ಹೆಜ್ಜೆ ಇಡಲಿಲ್ಲ. ಕೊನೆಗೆ ಯಜಮಾನರ ಕುರ್ಚಿ ಸರಿಸಿ, ಜಗುಲಿಯಲ್ಲೇ ಅದಕ್ಕೆ ಜಾಗ ಮಾಡಬೇಕಾಯಿತು. ಕೊಟ್ಟಿಗೆ ನನಗೇ ಉಳಿಯಿತು.

ಕಿಟಕಿಯಿಂದ ಮೊಮ್ಮಗಳು ಕೂಗಿದಳು, "ಅಜ್ಜಿ, ನಾನು ನೋಡ್ದೆ! ಶುರುವಿಂದ ಕೊನೆತನಕ ಎಲ್ಲಾ ನೋಡ್ದೆ!"

"ಹಂಗಾದ್ರ ಪೆನ್ನು ತಗೊಂಡು ಬರಕೊ ನನ್ ಮಗಳ," ಎಂದೆ. "ಎಂಜಿನ್ ಸರಿಯಾಗಿ ಚಾಲೂ ಆಯಿತು. ಎಲ್ಲರಿಗಿಂತ ಮೊದಲು ಓಡಿದ್ದು ಹಸು."