ಅಳಿಯನ ಅಂಟು

ಮನುಷ್ಯ ತನ್ನ ಉದ್ಯೋಗವನ್ನು ಯಾರಿಗೆ ಬೇಕಾದರೂ ವಿವರಿಸಲಿ, ಅತ್ತೆಗೆ ಮಾತ್ರ ವಿವರಿಸಬಾರದು. ನಾನು ವಿವರಿಸಿ ಕೆಟ್ಟೆ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಾನೊಬ್ಬ ರಸಾಯನಶಾಸ್ತ್ರದ ಮಾಸ್ತರ. ಇಂಗಾಲವನ್ನು ಲೋಹದ ಜೊತೆ ಕೂಡಿಸಿ ಹೊಸ ಸಂಯುಕ್ತ ಮಾಡುವುದು, ಅದು ವೇಗವರ್ಧಕವಾಗಿ ದುಡಿಯುತ್ತದೆಯೇ ಎಂದು ನೋಡುವುದು, ದುಡಿಯದಿದ್ದರೆ ಹಿನ್ನೀರಿನ ದಂಡೆಗೆ ಹೋಗಿ ಕೂರುವುದು, ಇಷ್ಟೇ ನನ್ನ ಸಂಶೋಧನೆ. ಆಯುಷ್ಯದ ಹೆಚ್ಚು ಪಾಲು ದಂಡೆಯ ಮೇಲೇ ಕಳೆದಿದೆ. ನೀರು ನೋಡುತ್ತಿದ್ದರೆ ಅಣುಗಳು ಕಣ್ಣಿಗೆ ಕಟ್ಟುತ್ತವೆ. ಲೋಹದ ಕಣವೊಂದು ಒಂದೊಂದು ಕೈಯಲ್ಲಿ ಒಂದೊಂದು ಇಂಗಾಲವನ್ನು ಹಿಡಿದು ಹತ್ತಿರ ತರುತ್ತದೆ, ಅವೆರಡನ್ನೂ ಕೂಡಿಸುತ್ತದೆ, ಆಮೇಲೆ ತನಗೇನೂ ಸಂಬಂಧವಿಲ್ಲವೆಂಬಂತೆ ಬಿಡಿಸಿಕೊಂಡು ಎದ್ದುಹೋಗುತ್ತದೆ. ಅಷ್ಟು ಚೆಂದದ ಕೆಲಸ ಲೋಕದಲ್ಲಿ ಬೇರೊಂದಿಲ್ಲವೆಂದು ನನಗೆ ಇವತ್ತಿಗೂ ಅನಿಸುತ್ತದೆ.

ಮದುವೆಯ ಹೊಸತರಲ್ಲಿ ಇಳಕಲ್ಲಿನ ನಮ್ಮತ್ತೆ ಗೌರವ್ವ, "ಏನ್ ಕೆಲಸಾ ಮಾಡ್ತೀರಿ ಅಳ್ಯಾರ?" ಎಂದು ಕೇಳಿದಾಗ ಇದನ್ನೇ ಎರಡೂ ಕೈ ಚಾಚಿ ಅಭಿನಯಿಸಿ ತೋರಿಸಿದ್ದೆ.

"ಒಟ್ಟಿನ್ಯಾಗ ಅದನ್ನ ಇದಕ್ಕ ಅಂಟಸ್ತೀರಿ."

ಹೌದೆಂದುಬಿಟ್ಟೆ. ಅಂದಿನಿಂದ ಅವರ ಓಣಿಯಲ್ಲೆಲ್ಲ "ನಮ್ಮ ಅಳ್ಯಾರು ಅಂಟು ಮಾಡ್ತಾರ" ಎಂಬ ಸುದ್ದಿ. ನಮ್ಮ ಕಡೆ ಅಂಟೆಂದರೆ ಹಚ್ಚುವುದೂ ಹೌದು, ತುಪ್ಪದಲ್ಲಿ ಕರಿದು ತಿನ್ನುವುದೂ ಹೌದು. ಒಂದು ಮದುವೆಯಲ್ಲಿ ಹಿರಿಯರೊಬ್ಬರು ಬಹಳ ವಿನಯದಿಂದ, "ನಿಮ್ಮ ಕರದಂಟಿನ ಅಂಗಡಿ ಅಮೀನಗಡದಾಗ ಯಾವ ಕಡಿ ಬರ್ತದ್ರಿ?" ಎಂದು ವಿಚಾರಿಸಿದ್ದರು.

ಈಚೆಗೆ ಶಬಾನಾಳ ಬಾಟಲಿ ಮನೆಗೆ ಬಂತು. ಶಬಾನಾ ಹುನಗುಂದದ ಹುಡುಗಿ, ನನ್ನ ಬಳಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಅವಳು ವರ್ಷಗಟ್ಟಲೆ ಹೆಣಗಿ ಮಾಡಿದ ಸಂಯುಕ್ತ ಜೇನಿನ ಬಣ್ಣದ ದ್ರವವಾಗಿ ಕುಳಿತಿತ್ತು. ಅದು ಹರಳಾದರೆ ಮಾತ್ರ ಎಕ್ಸ್‌ರೇ ಹಾಯಿಸಿ ಒಳಗಿನ ರಚನೆ ನೋಡಬಹುದು, ನೋಡಿದರೆ ಮಾತ್ರ ಅವಳಿಗೆ ಪದವಿ. ಗಾಳಿ ತಾಗಿದರೆ ಎಲ್ಲವೂ ಹಾಳು. ಹರಳು ಕಟ್ಟಲು ಅಲುಗಾಟವಿಲ್ಲದ ಜಾಗ ಬೇಕು, ಆದರೆ ಪ್ರಯೋಗಾಲಯದ ಮಾಳಿಗೆಯ ಮೇಲೆ ದುರಸ್ತಿಯ ಸುತ್ತಿಗೆ ಶುರುವಾಗಿತ್ತು. "ಸರ, ನಿಮ್ಮ ಮನ್ಯಾಗ ಇಡ್ರಿ. ಇರೂದು ಇದೊಂದ್ರಿ," ಎಂದು ಅವಳು ಬಿಗಿಯಾಗಿ ಮುಚ್ಚಿದ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಹೆಂಡತಿಯ ಕಪಾಟಿನಲ್ಲಿ, ಇಳಕಲ್ ಸೀರೆಗಳ ಹಿಂದೆ ಅದನ್ನು ಮಲಗಿಸಿದೆ.

ಅದೇ ವಾರ ಅತ್ತೆ ಬಂದರು, ಬಸ್ಸಿನ ನೂಕಾಟದಲ್ಲಿ ಅವರ ಚಷ್ಮಾದ ಕಡ್ಡಿ ಮುರಿದಿತ್ತು. ನಾನು ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಆ ದ್ರವದೊಳಗೆ ಅಣುಗಳು ಸಾಲುಗಟ್ಟುವುದನ್ನು ಕಾಣುತ್ತಿದ್ದೆ. ಟಕ್ ಟಕ್ ಎಂಬ ಸದ್ದಿಗೆ ಎಚ್ಚರವಾಯಿತು.

"ಅಳ್ಯಾರ, ನಿಮ್ಮ ಅಂಟಿನ ಬಾಟ್ಲಿ ಸೀರಿ ಹಿಂದ ಸಿಕ್ತು. ಮುಚ್ಚಳಾನ ಬರವಲ್ದು!" ಎನ್ನುತ್ತ ಅತ್ತೆ ಬಾಟಲಿಯನ್ನು ಬಾಗಿಲ ಚೌಕಟ್ಟಿಗೆ ಬಡಿಯುತ್ತಿದ್ದರು.

"ಅತ್ತೀ, ತಗೀಬ್ಯಾಡ್ರಿ!" ಎಂದು ಓಡಿ ಕಸಿದುಕೊಂಡೆ. ಪುಣ್ಯಕ್ಕೆ ಮುಚ್ಚಳ ಜಗ್ಗಿರಲಿಲ್ಲ. ನಾವು ನೋಡುತ್ತಿದ್ದಂತೆಯೇ ತಳದಲ್ಲೊಂದು ಚುಕ್ಕಿ ಮಿನುಗಿತು, ಅದರ ಪಕ್ಕದಲ್ಲಿ ಇನ್ನೊಂದು. ನಿಧಾನವಾಗಿ ಹೊನ್ನಿನ ಬಣ್ಣದ ಹರಳುಗಳು ಒಂದರ ಹಿಂದೊಂದು ಮೂಡಿದವು. ಹದಕ್ಕೆ ಬಂದ ದ್ರಾವಣ ಒಮ್ಮೊಮ್ಮೆ ಒಂದು ಪೆಟ್ಟಿಗೇ ಕಾದಿರುತ್ತದೆಂದು ತರಗತಿಯಲ್ಲಿ ಹೇಳುವವನು ನಾನೇ. ಆದರೂ ಬಾಯಿ ತೆರೆದುಕೊಂಡು ನಿಂತೆ.

"ಅಯ್ಯ ಶಿವನ! ಗಟ್ಟಿ ಆತಲ್ರೀ! ನಿಮ್ಮ ಅಂಟು ಕೆಡಿಸಿಬಿಟ್ಟೆ," ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಫೋನಿನಲ್ಲಿ ಶಬಾನಾ, "ಖರೇನ ಸರ?" ಎಂದಳು, ಆಮೇಲೆ ಅವಳೂ ಅತ್ತಳು. ನನಗೂ ಕಣ್ಣು ತುಂಬಿತು. ಇಷ್ಟು ಜನ ಅಳುವಾಗ ಅದು ಸಂತೋಷದ ಸುದ್ದಿಯೆಂದು ಅತ್ತೆಯನ್ನು ಒಪ್ಪಿಸುವುದಾದರೂ ಹೇಗೆ?

ಕೊನೆಗೆ ಮೂಲೆಯ ಅಂಗಡಿಯಿಂದ ಅಂಟಿನ ಸಣ್ಣ ಟ್ಯೂಬೊಂದನ್ನು ಕದ್ದುಮುಚ್ಚಿ ತಂದೆ. "ಹೊಸದು ಮಾಡೀನ್ರಿ," ಎಂದು ಸುಳ್ಳು ಹೇಳಿ, ಅವರೆದುರು ಕುಳಿತು, ಕಡ್ಡಿಗೆ ಹಚ್ಚಿ ಎರಡು ಬೆರಳಲ್ಲಿ ಒತ್ತಿ ಹಿಡಿದೆ. ಹಿಡಿದವನು ಹಾಗೇ ಹರಳುಗಳ ಕನಸಿಗೆ ಜಾರಿದೆ.

ಅತ್ತೆ ಬಗ್ಗಿ ನೋಡಿದರು. ಅವರ ಮುಖ ಅರಳಿತು. "ಭಾಳ ಚಲೋ ಹತ್ತೇತ್ರಿ. ಇನ್ನ ಬಿಡ್ರಿ ಅಳ್ಯಾರ."

"ಬಿಡಾಕ ಬರವಲ್ದ್ರೀ, ಅತ್ತೀ."